ಯಾರೂ ಮೀಟದ ಗಾಂಧಾರ

ಸಂಗೀತ ಕಚೇರಿಗಳಿಗೆ ಹೋಗಿಬರುವ ರೂಢಿಯುಳ್ಳವರಿಗೆ ಈ ನೋಟ ಹೊಸದಲ್ಲ. ಗಾಯಕರು ವೇದಿಕೆಯ ಮೇಲೆ ಬಂದು ಕುಳಿತಿರುತ್ತಾರೆ. ಪಿಟೀಲಿನವರು ಬಿರಡೆ ತಿರುಗಿಸುತ್ತಿರುತ್ತಾರೆ. ಮೃದಂಗದವರು ಕಲ್ಲಿನಿಂದ ಅಂಚನ್ನು ತಟ್ಟಿ ತಟ್ಟಿ ಶ್ರುತಿ ಕೂಡಿಸುತ್ತಿರುತ್ತಾರೆ. ಇವರೆಲ್ಲರ ಹಿಂದೆ, ದೀಪದ ಬೆಳಕು ಅರ್ಧಂಬರ್ಧ ಬೀಳುವ ಕಡೆ, ಒಬ್ಬರು ತಂಬೂರಿಯನ್ನು ನೆಟ್ಟಗೆ ನಿಲ್ಲಿಸಿಕೊಂಡು ಅದರ ನಾಲ್ಕು ತಂತಿಗಳನ್ನು ಒಂದಾದ ಮೇಲೊಂದರಂತೆ ಮೀಟುತ್ತಿರುತ್ತಾರೆ. ಸಭಿಕರಾದ ನಾವು ಆ ಹೊತ್ತಿನಲ್ಲಿ ಏನು ಮಾಡುತ್ತಿರುತ್ತೇವೆ? ಕುರ್ಚಿ ಹುಡುಕುತ್ತಿರುತ್ತೇವೆ, ಪರಿಚಿತರನ್ನು ಕಂಡು ಕುಶಲ ವಿಚಾರಿಸುತ್ತಿರುತ್ತೇವೆ. ಸಂಗೀತವಿನ್ನೂ ಪ್ರಾರಂಭವಾಗಿಲ್ಲವೆಂಬುದು ನಮ್ಮೆಲ್ಲರ ಭಾವನೆ.

ತಂಬೂರಿಯು ರಾಗವನ್ನು ನುಡಿಸುವುದಿಲ್ಲ, ತಾಳವನ್ನು ಹಿಡಿಯುವುದಿಲ್ಲ. ಕಚೇರಿಯ ಮೊದಲಿನಿಂದ ಕಡೆಯವರೆಗೂ ಅದರದು ಅದೇ ನಾಲ್ಕು ಮೀಟುಗಳು. ಅದಕ್ಕಾಗಿ ಯಾರಾದರೂ ಚಪ್ಪಾಳೆ ತಟ್ಟಿದುದನ್ನು ನಾವು ಕಾಣೆವು. ಆದರೆ ಈ ವಾದ್ಯವನ್ನು ಹತ್ತು ನಿಮಿಷಗಳ ಕಾಲ, ಬೇರೇನನ್ನೂ ಮಾಡದೆ, ಯಾವುದನ್ನೂ ಮೊದಲೇ ತೀರ್ಮಾನಿಸದೆ ಕೇಳಿದವರಿಗೆ ಒಂದು ವಿಚಿತ್ರ ಸಂಗತಿ ತಿಳಿದುಬರುತ್ತದೆ. ನಾಲ್ಕರಲ್ಲಿ ಯಾವ ತಂತಿಯನ್ನೂ ಗಾಂಧಾರಕ್ಕೆ ಶ್ರುತಿ ಮಾಡಿರುವುದಿಲ್ಲ. ಆದರೂ ಗಾಂಧಾರ ಕೇಳಿಸುತ್ತದೆ! ಸಂಗೀತಗಾರರು ಇದನ್ನು ‘ಸ್ವಯಂಭೂ ಗಾಂಧಾರ’ವೆಂದು ಕರೆಯುತ್ತಾರೆ. ತಾನಾಗಿ ಹುಟ್ಟಿದ್ದು ಎಂದು ಅದರ ಅರ್ಥ.

ಈ ಗಾಂಧಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಭೌತವಿಜ್ಞಾನವು ಉತ್ತರ ಕೊಡಬಲ್ಲುದು. ಆದರೆ ಆ ಭೌತವಿಜ್ಞಾನವನ್ನು ಬೋಧಿಸುವ ನಮಗೇ ಒಮ್ಮೆ ಅದು ಕೇಳಿಸದೆ ಹೋಗಿತ್ತು. ಕೇಳಿಸಿದೆಯೆಂದವರನ್ನು ನಂಬದೆ ಹೋಗಿದ್ದೆವು. ಆದುದರಿಂದ ಸ್ವರದ ಕಥೆಯೊಡನೆ ನಮ್ಮ ತಪ್ಪಿನ ಕಥೆಯನ್ನೂ ಹೇಳಬೇಕಾಗಿದೆ.

ನಾಲ್ಕು ತಂತಿಗಳ ಲೆಕ್ಕ

ಮೊದಲು ಲೆಕ್ಕವನ್ನು ನೋಡೋಣ. ಹೆಂಗಸರು ಸಾಮಾನ್ಯವಾಗಿ ಹಾಡುವ ಐದು ಮನೆಯ ಶ್ರುತಿಯನ್ನು ತೆಗೆದುಕೊಳ್ಳಿ. ಅಲ್ಲಿ ಷಡ್ಜದ ಆವೃತ್ತಿಯು ಸೆಕೆಂಡಿಗೆ ಸುಮಾರು 196 ಕಂಪನ. ತಂಬೂರಿಯ ನಡುವಣ ಎರಡು ತಂತಿಗಳು ಈ ಷಡ್ಜಕ್ಕೆ ಸೇರಿರುತ್ತವೆ. ಮೊದಲನೆಯದು ಅದರ ಕೆಳಗಿನ ಪಂಚಮಕ್ಕೆ, ಎಂದರೆ 147 ಕಂಪನಗಳಿಗೆ. ಕೊನೆಯದು ಮಂದ್ರ ಷಡ್ಜಕ್ಕೆ, ಎಂದರೆ 98 ಕಂಪನಗಳಿಗೆ. ಷಡ್ಜ ಮತ್ತು ಪಂಚಮ, ಇವೆರಡೇ ಸ್ವರಗಳು.

ಆದರೆ ಬಿಗಿದ ತಂತಿಯು ಒಂದೇ ರೀತಿಯಲ್ಲಿ ಕಂಪಿಸುವುದಿಲ್ಲ. ಇಡೀ ತಂತಿಯು ಒಂದೇ ಬಿಲ್ಲಿನಂತೆ ಬಾಗಿ ಕಂಪಿಸುತ್ತಿರುವಾಗಲೇ ಎರಡು ಸಮಭಾಗಗಳಾಗಿಯೂ, ಮೂರಾಗಿಯೂ, ನಾಲ್ಕಾಗಿಯೂ, ಐದಾಗಿಯೂ ಕಂಪಿಸುತ್ತಿರುತ್ತದೆ. ಎರಡು ಭಾಗವಾದಾಗ ಆವೃತ್ತಿ ಎರಡರಷ್ಟು, ಮೂರು ಭಾಗವಾದಾಗ ಮೂರರಷ್ಟು. ಹೀಗೆ 196ರ ತಂತಿಯಿಂದ 392, 588, 784, 980 ಎಂಬ ಆವೃತ್ತಿಗಳೂ ಹೊರಡುತ್ತವೆ. ಮೂಲಸ್ವರದ ಮೇಲೆ ಹುಟ್ಟುವ ಇವನ್ನು ಉಪಸ್ವರಗಳೆನ್ನೋಣ. ಒಂದು ತಂತಿಯಲ್ಲಿ ಹಲವು ಸ್ವರಗಳನ್ನು ಕೇಳಬಹುದೆಂದು ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಷ್ಟು ಹಿಂದೆಯೇ ತನ್ನ ಸಂಗೀತಗ್ರಂಥದಲ್ಲಿ ಬರೆದಿದ್ದಾನೆ.

ಈ ಸಂಖ್ಯೆಗಳನ್ನು ಸ್ವರಗಳಾಗಿ ಓದಿದರೆ, 392 ಎಂಬುದು ತಾರ ಷಡ್ಜ. 588 ಅದರ ಮೇಲಿನ ಪಂಚಮ. 784 ಇನ್ನೂ ಒಂದು ಸ್ಥಾಯಿ ಮೇಲಿನ ಷಡ್ಜ. ಐದನೆಯದು 980. ಇದನ್ನು ಎರಡು ಸ್ಥಾಯಿ ಕೆಳಗಿಳಿಸಲು ನಾಲ್ಕರಿಂದ ಭಾಗಿಸಿರಿ, 245 ಬರುತ್ತದೆ. 245ಕ್ಕೂ 196ಕ್ಕೂ ಇರುವ ಪ್ರಮಾಣ 5ಕ್ಕೆ 4. ಇದೇ ಅಂತರ ಗಾಂಧಾರ. ಪಂಚಮದ ತಂತಿಯ ಐದನೆಯ ಉಪಸ್ವರವನ್ನು ಇದೇ ರೀತಿ ಲೆಕ್ಕ ಹಾಕಿದರೆ ಕಾಕಲಿ ನಿಷಾದ ದೊರೆಯುತ್ತದೆ.

ಹಾಗಾದರೆ ಗಾಂಧಾರದ ರಹಸ್ಯ ಇಲ್ಲಿಗೇ ಮುಗಿಯಿತೇ? ಇಲ್ಲ. ಉಪಸ್ವರಗಳು ಎಲ್ಲ ತಂತಿಗಳಲ್ಲಿಯೂ ಇವೆ. ಎಲ್ಲ ತಂತಿಗಳೂ ತಂಬೂರಿಯಂತೆ ನುಡಿಯುವುದಿಲ್ಲ. ಯಾವ ಉಪಸ್ವರ ಎಷ್ಟು ಪ್ರಬಲವಾಗಿರುತ್ತದೆಂಬುದಕ್ಕೆ ಬೇರೊಂದು ನಿಯಮವಿದೆ. ಐದು ಭಾಗಗಳಾಗಿ ಕಂಪಿಸುವ ತಂತಿಯಲ್ಲಿ ಭಾಗಕ್ಕೂ ಭಾಗಕ್ಕೂ ನಡುವೆ ಅಲುಗಾಡದ ಬಿಂದುಗಳಿರುತ್ತವೆ. ಇವಕ್ಕೆ ನಿಸ್ಪಂದ ಬಿಂದುಗಳೆಂದು ಹೆಸರು. ಅಂಥ ಒಂದು ಬಿಂದುವಿನಲ್ಲಿಯೇ ಬೆರಳಿಟ್ಟು ಮೀಟಿದರೆ ಐದು ಭಾಗಗಳ ಆ ಕಂಪನವು ಹುಟ್ಟಲಾರದು. 1800ರಲ್ಲಿ ಇಂಗ್ಲೆಂಡಿನ ಥಾಮಸ್ ಯಂಗ್ ಇದನ್ನು ತೋರಿಸಿದನು. ಈ ನಿಯಮದ ಪ್ರಕಾರ ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ 2, 4, 6ನೆಯ ಸ್ವರಗಳು ಇರಕೂಡದು. ಐದನೆಯದು ಇದ್ದರೂ ಅದರ ಪಾರ, ಎಂದರೆ ಕಂಪನದ ವಿಸ್ತಾರ, ಮೊದಲನೆಯದರ 25ನೆಯ ಒಂದು ಪಾಲು ಮಾತ್ರ. ಐದನೆಯ ಒಂದು ಪಾಲಿನ ದೂರದಲ್ಲಿ ಮೀಟಿದರಂತೂ ಗಾಂಧಾರ ಪೂರ್ತಿಯಾಗಿ ಮಾಯವಾಗಬೇಕು.

ಅವಸರದ ಉತ್ತರ

ಕೆಲವು ವರ್ಷಗಳ ಹಿಂದೆ ಎರಡನೆಯ ವರ್ಷದ ಬಿ.ಎಸ್‌ಸಿ. ತರಗತಿಯಲ್ಲಿ ನಾವು ಈ ನಿಯಮವನ್ನು ಹಲಗೆಯ ಮೇಲೆ ಬರೆದು ಮುಗಿಸಿದ್ದೆವು. ಸಂಗೀತ ಕಲಿಯುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, “ಸಾರ್, ನಮ್ಮ ಮನೆಯ ತಂಬೂರಿಯಲ್ಲಿ ಷಡ್ಜಕ್ಕಿಂತ ಗಾಂಧಾರವೇ ಜೋರಾಗಿ ಕೇಳಿಸುತ್ತೆ. ಎಲ್ಲಿ ಮೀಟಿದರೂ ಕೇಳಿಸುತ್ತೆ. ಈ ಲೆಕ್ಕಕ್ಕೆ ಅದು ಹೊಂದೋದಿಲ್ಲವಲ್ಲ?” ಎಂದು ಕೇಳಿದಳು.

ನಾವು ಹಲಗೆಯ ಕಡೆ ಕೈ ತೋರಿಸಿ, “ಲೆಕ್ಕ ಎದುರಿಗೇ ಇದೆಯಲ್ಲಮ್ಮ. ಗಾಂಧಾರ ಕೇಳಬೇಕೆಂದು ನೀನು ಮನಸ್ಸು ಮಾಡಿದ್ದೀಯ, ಅದಕ್ಕೇ ಕೇಳಿಸುತ್ತೆ. ಅದೆಲ್ಲ ಕಲ್ಪನೆ” ಎಂದೆವು. ತರಗತಿಯೆಲ್ಲ ನಕ್ಕಿತು. ಅವಳು ಕುಳಿತುಕೊಂಡಳು. ಪಾಠ ಮುಂದುವರಿಯಿತು.

ಆ ಮಾತನ್ನು ಆಡುವಾಗ ನಾವು ಒಂದು ಸಲವಾದರೂ ತಂಬೂರಿಯನ್ನು ಹತ್ತಿರದಿಂದ ಕೇಳಿರಲಿಲ್ಲ. ಕಚೇರಿಗಳಲ್ಲಿ ನೋಡಿದ್ದೆವು, ಅಷ್ಟೆ. ವಿಜ್ಞಾನದ ಅಧ್ಯಾಪಕರಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಮತ್ತೊಂದಿಲ್ಲ.

ಎರಡು ವಾರಗಳ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಗವಸು ಹಾಕಿದ ತಂಬೂರಿಯನ್ನು ಎತ್ತಿಕೊಂಡು ಅವಳು ಪ್ರಯೋಗಶಾಲೆಗೆ ಬಂದಳು. ಜೊತೆಗೆ ಅವಳ ತಂದೆಯೂ ಬಂದಿದ್ದರು. ವಾದ ಮಾಡಲು ಬಂದವಳಂತೆ ಕಾಣಲಿಲ್ಲ. “ಒಂದು ಸಲ ಕೇಳಿಬಿಡಿ ಸಾರ್” ಎಂದು ಮಾತ್ರ ಹೇಳಿ, ಶ್ರುತಿ ಕೂಡಿಸಿ, ಮೀಟತೊಡಗಿದಳು.

ನಾವು ಕೇಳಿದೆವು. ಝೇಂಕಾರವೇನೋ ತುಂಬಿ ಬಂದಿತು. ಗಾಂಧಾರ ಮಾತ್ರ ಬರಲಿಲ್ಲ. ಹಾಗೆ ನೋಡಿದರೆ ನಾವು ಕೇಳುತ್ತಿದ್ದುದು ತಂಬೂರಿಯನ್ನಲ್ಲ. ‘ಇವಳಿಗೆ ನೋವಾಗದಂತೆ ಹೇಗೆ ಹೇಳುವುದು?’ ಎಂಬ ನಮ್ಮದೇ ಯೋಚನೆಯನ್ನು ಕೇಳುತ್ತಿದ್ದೆವು. ಹತ್ತು ನಿಮಿಷ ಹೀಗೆಯೇ ಕಳೆಯಿತು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ತಲೆಯ ಮೇಲಿನ ಪಂಖಾ ನಿಧಾನವಾಗಿ ನಿಂತಿತು. ಪಂಖಾ ಅಷ್ಟು ಸದ್ದು ಮಾಡುತ್ತಿತ್ತೆಂದು ನಮಗೆ ಗೊತ್ತಾದದ್ದು ಅದು ನಿಂತ ಮೇಲೆಯೇ. ಹುಡುಗಿ ಮೀಟುವುದನ್ನು ನಿಲ್ಲಿಸಲಿಲ್ಲ. ಹೇಳುವುದಕ್ಕೂ ಮಾಡುವುದಕ್ಕೂ ಬೇರೆ ಕೆಲಸವಿಲ್ಲದೆ ನಾವು ಸುಮ್ಮನೆ ಕುಳಿತೆವು. ಮೊದಲು ರಸ್ತೆಯ ಬಸ್ಸಿನ ಸದ್ದು ಕೇಳಿಸಿತು. ಆಮೇಲೆ ಅದೂ ದೂರ ಸರಿಯಿತು. ಯಾವ ಗಳಿಗೆಯಲ್ಲಿ ಎಂದು ಹೇಳಲಾರೆವು, ಝೇಂಕಾರದ ಮೇಲುಗಡೆ ಒಂದು ತೆಳುವಾದ, ತಿಳಿಯಾದ ಸ್ವರ ನಿಂತಿರುವುದು ಗಮನಕ್ಕೆ ಬಂದಿತು. ಅದು ಆಗ ಹುಟ್ಟಿದಂತೆ ತೋರಲಿಲ್ಲ. ಮೊದಲಿನಿಂದಲೂ ಅಲ್ಲಿದ್ದಂತೆ ತೋರಿತು. ಅವಳು ಮೆಲ್ಲಗೆ ಅದೇ ಸ್ವರವನ್ನು ಹಾಡಿ ತೋರಿಸಿದಳು. ಅದು ಗಾಂಧಾರ.

ಕೇಳಿಸಿತೆಂದ ಮಾತ್ರಕ್ಕೆ ನಂಬಿಬಿಡುವಂತಿಲ್ಲ. ಧ್ವನಿಯನ್ನು ಬಿಡಿಸಿ, ಆವೃತ್ತಿಗಳನ್ನು ಗೀಟುಗಳಾಗಿ ತೋರಿಸುವ ತಂತ್ರಾಂಶವು ಈಗ ಮೊಬೈಲ್ ಫೋನಿನಲ್ಲಿಯೇ ದೊರೆಯುತ್ತದೆ. ಅದನ್ನು ತೆರೆದಿಟ್ಟೆವು. 980ರ ಆಸುಪಾಸಿನಲ್ಲಿ ಒಂದು ಗೀಟು ನೆಟ್ಟಗೆ ಎದ್ದಿತ್ತು. 196ರ ಗೀಟಿಗಿಂತ ಎತ್ತರವಾಗಿತ್ತು. ತಂತಿಯ ಕಂಪಿಸುವ ಭಾಗ 80 ಸೆಂಟಿಮೀಟರು. 16 ಸೆಂಟಿಮೀಟರಿನಲ್ಲಿ ಗುರುತು ಮಾಡಿ, ನಿಯಮದ ಪ್ರಕಾರ ಗಾಂಧಾರವು ಇರಲೇಕೂಡದ ಆ ಜಾಗದಲ್ಲಿಯೇ ಮೀಟಿಸಿದೆವು. ಗೀಟು ಹೋಗಲಿಲ್ಲ. ಆಮೇಲೆ ಕುದುರೆಯ ಮೇಲೆ ತಂತಿಯ ಅಡಿಯಲ್ಲಿದ್ದ ಪುಟ್ಟ ನೂಲನ್ನು ಅವಳು ಎಳೆದು ತೆಗೆದು ಮತ್ತೆ ಮೀಟಿದಳು. ತಂಬೂರಿಯ ದನಿಯೇ ಮೊಂಡಾಯಿತು, ಗೀಟೂ ಕುಸಿಯಿತು.

ನೂಲೆಳೆಯ ಕೆಲಸ

ಆ ನೂಲಿಗೆ ‘ಜೀವಾಳ’ವೆಂದು ಹೆಸರು. ತಂಬೂರಿಯ ಜೀವ ಅದರಲ್ಲಿದೆಯೆಂದು ಹೆಸರಿಟ್ಟವರಿಗೆ ತಿಳಿದಿತ್ತು. ಪಿಟೀಲಿನ ಕುದುರೆಯ ಮೇಲ್ತುದಿ ಚೂಪಾಗಿರುತ್ತದೆ. ತಂತಿಯು ಅಲ್ಲಿ ಒಂದು ಬಿಂದುವಿನಲ್ಲಿ ಊರಿ ನಿಲ್ಲುತ್ತದೆ. ತಂಬೂರಿಯ ಕುದುರೆಯಾದರೋ ಅಗಲವಾದುದು, ಬಹಳ ಸ್ವಲ್ಪವಾಗಿ ಉಬ್ಬಿದ ಮೇಲ್ಮೈಯುಳ್ಳದ್ದು. ಜೀವಾಳವು ತಂತಿಯನ್ನು ಆ ಮೇಲ್ಮೈಯಿಂದ ಕೂದಲೆಳೆಯಷ್ಟು ಮೇಲೆತ್ತಿ ಹಿಡಿಯುತ್ತದೆ. ತಂತಿಯು ಕಂಪಿಸುವಾಗ ಪ್ರತಿಯೊಂದು ಸಲವೂ ಕುದುರೆಯನ್ನು ಸವರಿ, ಅದರ ಮೇಲೆ ಒರಗಿ, ಮತ್ತೆ ಬಿಟ್ಟೇಳುತ್ತದೆ. ಅದರ ಉದ್ದವೇ ಪ್ರತಿ ಕಂಪನದಲ್ಲಿಯೂ ಒಂದಿಷ್ಟು ಹೆಚ್ಚುಕಡಿಮೆಯಾದಂತಾಯಿತು. ಹೀಗೆ ಸವರಿದಾಗಲೆಲ್ಲ ಮೂಲಸ್ವರದ ಶಕ್ತಿಯ ಒಂದು ಪಾಲು ಮೇಲಿನ ಸ್ವರಗಳಿಗೆ ಹಂಚಿಹೋಗುತ್ತದೆ. ಮೀಟಿದ ಬೆರಳು ಕೊಡದ ಸ್ವರವನ್ನು ಕುದುರೆಯು ಕೊಡುತ್ತದೆ. ಒಂದು ಮೀಟು ಕರಗುವಷ್ಟರಲ್ಲಿ ಉಪಸ್ವರಗಳು ಒಂದಾದ ಮೇಲೊಂದು ತಲೆಯೆತ್ತಿ ಅಡಗುವುದು ಇದರಿಂದಲೇ.

ಇದನ್ನು ನಾವು ಕಂಡುಹಿಡಿದೆವೆಂದು ಹೆಮ್ಮೆಪಡುವ ಭಾಗ್ಯ ನಮಗಿರಲಿಲ್ಲ. ಹುಡುಕಿ ನೋಡಿದಾಗ, ಚಂದ್ರಶೇಖರ ವೆಂಕಟರಾಮನ್ನರು ಕಲ್ಕತ್ತೆಯಲ್ಲಿದ್ದಾಗ 1921ರಲ್ಲಿಯೇ ಇದನ್ನು ಪ್ರಕಟಿಸಿದ್ದು ತಿಳಿದುಬಂದಿತು. ತಂಬೂರಿ ಮತ್ತು ವೀಣೆಗಳನ್ನು ಪರೀಕ್ಷಿಸಿ, ನಿಸ್ಪಂದ ಬಿಂದುವಿನಲ್ಲಿ ಮೀಟಿದಾಗಲೂ ಆಯಾ ಉಪಸ್ವರವು ಬಲವಾಗಿ ನುಡಿಯುವುದೆಂದೂ, ಕುದುರೆಯ ರಚನೆಯೇ ಇದಕ್ಕೆ ಕಾರಣವೆಂದೂ ಅವರು ತೋರಿಸಿದ್ದರು. ಅದಕ್ಕೆ ಒಂದು ವರ್ಷ ಮೊದಲು, 1920ರಲ್ಲಿ, ಮೃದಂಗ ತಬಲಗಳ ನಡುವೆ ಹಚ್ಚುವ ಕಪ್ಪು ಕರಣೆಯಿಂದ ಆ ವಾದ್ಯಗಳಿಗೆ ಸ್ವರದ ಗುಣ ಬರುವುದನ್ನೂ ಶಿವಕಾಳಿ ಕುಮಾರ್ ಅವರೊಡನೆ ಸೇರಿ ವರದಿ ಮಾಡಿದ್ದರು. ರಾಮನ್ ಪರಿಣಾಮದ ಶೋಧ 1928ರದು. ನೊಬೆಲ್ ಪಾರಿತೋಷಕ ಬಂದುದು 1930ರಲ್ಲಿ. ಅವರು ಬೆಂಗಳೂರಿಗೆ ಬಂದುದು 1933ರಲ್ಲಿ. 1970ರಲ್ಲಿ ತೀರಿಕೊಳ್ಳುವವರೆಗೂ ಅವರು ಇದ್ದುದು ಇದೇ ಊರಿನಲ್ಲಿ. ಬೆಳಕಿನ ರಾಮನ್ನರನ್ನು ಪ್ರತಿವರ್ಷ ಪಾಠ ಮಾಡುವ ನಾವು ತಂಬೂರಿಯ ರಾಮನ್ನರನ್ನು ಓದಿರಲಿಲ್ಲ.

ಹಾಗಾದರೆ ಯಂಗನ ನಿಯಮ ಸುಳ್ಳೇ? ಅಲ್ಲ. ಎರಡು ತುದಿಗಳಲ್ಲಿ ಅಲುಗದಂತೆ ಬಿಗಿದ, ನಡುವೆ ಯಾವುದನ್ನೂ ತಗುಲದ ತಂತಿಗೆ ಆ ನಿಯಮ ಇಂದಿಗೂ ಸತ್ಯ. ಸೊನೊಮೀಟರಿನಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ತಂಬೂರಿಯ ತಂತಿಯು ಅಂಥದಲ್ಲ, ಅಷ್ಟೆ. ನಿಯಮವನ್ನು ಕಲಿತಾಗ ಅದರ ಷರತ್ತನ್ನೂ ಕಲಿಯಬೇಕು. ನಾವು ನಿಯಮವನ್ನು ನೆನಪಿಟ್ಟು ಷರತ್ತನ್ನು ಮರೆತಿದ್ದೆವು.

ಕಿವಿಯೂ ಗಮನವೂ

ಈಗ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಪಂಖಾ ನಿಲ್ಲುವ ಮೊದಲೂ ಗಾಂಧಾರವು ಗಾಳಿಯಲ್ಲಿತ್ತು. ನಮ್ಮ ಕಿವಿಯ ತಮಟೆಯನ್ನು ತಟ್ಟುತ್ತಿತ್ತು. ಆದರೂ ಏಕೆ ಕೇಳಿಸಲಿಲ್ಲ?

ಒಂದು ಕಾರಣ ಸರಳವಾದುದು. ಪಂಖಾದ ಸದ್ದು ಸಣ್ಣ ಸ್ವರಗಳನ್ನು ಮರೆಮಾಡುತ್ತದೆ. ಆದರೆ ಅವಳಿಗೆ ಪಂಖಾದ ನಡುವೆಯೂ ಅದು ಕೇಳಿಸುತ್ತಿತ್ತಲ್ಲ! ಆದುದರಿಂದ ಎರಡನೆಯ ಕಾರಣವನ್ನು ಕಿವಿಯ ಆಚೆ ಹುಡುಕಬೇಕು.

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಒಂದು ನಾಳವಿದೆ. ಅದರೊಳಗೆ ಸುಮಾರು 35 ಮಿಲಿಮೀಟರು ಉದ್ದದ ಒಂದು ಪೊರೆ ಚಾಚಿಕೊಂಡಿದೆ. ಎತ್ತರದ ಸ್ವರಗಳಿಗೆ ಅದರ ಬಾಗಿಲ ಕಡೆಯ ಭಾಗವೂ, ತಗ್ಗಿನ ಸ್ವರಗಳಿಗೆ ಒಳತುದಿಯೂ ಹೆಚ್ಚಾಗಿ ಅಲುಗುತ್ತವೆ. ಇದನ್ನು ತೋರಿಸಿಕೊಟ್ಟ ಗೇಯಾರ್ಗ್ ಫಾನ್ ಬೇಕೇಶಿಗೆ 1961ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಎಂದರೆ ತಂಬೂರಿಯ ಷಡ್ಜ, ಪಂಚಮ, ಗಾಂಧಾರಗಳು ಕಿವಿಯೊಳಗೆ ಬೇರೆ ಬೇರೆ ಜಾಗಗಳನ್ನೇ ಅಲುಗಿಸುತ್ತವೆ. ಕಿವಿಯು ಸ್ವರಗಳನ್ನು ಬಿಡಿಸಿಯೇ ಮಿದುಳಿಗೆ ಕಳುಹಿಸುತ್ತದೆ. ಮಿದುಳು ಅವನ್ನು ಮತ್ತೆ ಒಟ್ಟುಗೂಡಿಸಿ ‘ಇದು ತಂಬೂರಿ’ ಎಂದು ಒಂದೇ ಹೆಸರು ಕೊಟ್ಟು ಕೆಲಸ ಮುಗಿಸುತ್ತದೆ. ದಿನನಿತ್ಯದ ಬದುಕಿಗೆ ಇದು ಬಹಳ ಅನುಕೂಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೆ ಅದರ ಉಪಸ್ವರಗಳನ್ನು ಎಣಿಸುತ್ತ ಕೂಡುವವರು ಯಾರು? ಏನು ಬಿದ್ದಿತೆಂದು ತಿಳಿದರೆ ಸಾಕು. ಆದರೆ ಹೆಸರು ಕೊಟ್ಟೊಡನೆ ಕೇಳುವುದು ನಿಂತುಹೋಗುತ್ತದೆ; ಇದು ಆ ಅನುಕೂಲಕ್ಕೆ ನಾವು ತೆರುವ ಬೆಲೆ.

ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ಸ್ವರಶಾಸ್ತ್ರದ ಪ್ರಸಿದ್ಧ ಗ್ರಂಥದಲ್ಲಿ ಈ ವಿಷಯವನ್ನು ಕೂಲಂಕಷವಾಗಿ ಚರ್ಚಿಸಿದ್ದಾನೆ. ಉಪಸ್ವರಗಳನ್ನು ಬೇರ್ಪಡಿಸಿ ಕೇಳಲು ಅವನು ಸಣ್ಣ ರಂಧ್ರವುಳ್ಳ ಟೊಳ್ಳು ಗೋಲಗಳನ್ನು ಕಿವಿಗೆ ಹಿಡಿಯುತ್ತಿದ್ದನು. ಪ್ರತಿಯೊಂದು ಗೋಲವೂ ಒಂದೊಂದು ಸ್ವರಕ್ಕೆ ಮಾತ್ರ ಅನುರಣಿಸುತ್ತಿತ್ತು. ಗೋಲವಿಲ್ಲದೆ ಬರಿಗಿವಿಯಿಂದಲೂ ಕೇಳಬಹುದೆಂದು ಅವನು ಹೇಳುತ್ತಾನೆ. ಆದರೆ ಸಂಗೀತವನ್ನು ಕಲಿತವರಿಗೆ ಇದು ಸುಲಭ, ಕಲಿಯದವರಿಗೆ ಕಷ್ಟ ಎಂದೇನೂ ಇಲ್ಲವಂತೆ. ಬೇಕಾದುದು ಗಮನದ ಮೇಲಿನ ಹಿಡಿತ. ವಿದ್ಯಾರ್ಥಿಗಳಿಗೆ ಇದು ಧೈರ್ಯ ತುಂಬುವ ಮಾತು.

ಗಮನವಿಲ್ಲದಿದ್ದರೆ ಎಷ್ಟು ಕಳೆದುಹೋಗುತ್ತದೆಂಬುದನ್ನು 1953ರಲ್ಲಿ ಕಾಲಿನ್ ಚೆರಿ ಎಂಬ ಬ್ರಿಟಿಷ್ ವಿಜ್ಞಾನಿ ಪ್ರಯೋಗದಿಂದ ತೋರಿಸಿದನು. ಕೇಳುಗರ ಎರಡು ಕಿವಿಗಳಿಗೂ ಬೇರೆ ಬೇರೆ ಮಾತುಗಳನ್ನು ಕೇಳಿಸಿ, ಒಂದು ಕಿವಿಯ ಮಾತನ್ನು ಬಿಡದೆ ಮರುನುಡಿಯುವಂತೆ ಹೇಳಿದನು. ಆಮೇಲೆ ಮತ್ತೊಂದು ಕಿವಿಯಲ್ಲಿ ಏನು ಬಂತೆಂದು ವಿಚಾರಿಸಿದರೆ ಅವರಿಗೆ ಹೇಳಲಾಗಲಿಲ್ಲ. ಇಂಗ್ಲಿಷಿನಲ್ಲಿದ್ದ ಮಾತು ನಡುವೆ ಜರ್ಮನ್ ಭಾಷೆಗೆ ಬದಲಾದುದೂ ಅವರ ಗಮನಕ್ಕೆ ಬಂದಿರಲಿಲ್ಲ! ಒಂದು ಇಡೀ ಭಾಷೆಯೇ ಹೀಗೆ ಕೈತಪ್ಪುವುದಾದರೆ, ಒಂದು ಗಾಂಧಾರದ ಗತಿಯೇನು? ಆ ಶನಿವಾರ ನಾವೂ ನಮ್ಮೊಳಗಿನ ಮಾತನ್ನೇ ಮರುನುಡಿಯುತ್ತ ಕುಳಿತಿದ್ದೆವು.

ಇಲ್ಲದ್ದು ಕೇಳಿಸುವುದು

ಹಾಗೆಂದು, ಕೇಳಿಸಿದ್ದೆಲ್ಲ ಇದ್ದೇ ಇರುತ್ತದೆಂದು ತಿಳಿಯಬಾರದು. ನಾವು ಆ ವಿದ್ಯಾರ್ಥಿನಿಗೆ ಹೇಳಿದ ‘ಕಲ್ಪನೆ’ ಎಂಬ ಮಾತು ಪೂರ್ತಿ ಅಸಂಭವವಾದುದೇನಲ್ಲ. ಇದಕ್ಕೆ ಉದಾಹರಣೆಯೂ ಅದೇ ತಂಬೂರಿಯಲ್ಲಿದೆ.

ತಂಬೂರಿಯ ಧ್ವನಿಮುದ್ರಿಕೆಯನ್ನು ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಹಾಕಿ ಕೇಳಿರಿ. ಮಂದ್ರ ಷಡ್ಜವು ಗಂಭೀರವಾಗಿಯೇ ಕೇಳಿಸುತ್ತದೆ. ಆದರೆ ಅಷ್ಟು ಚಿಕ್ಕ ಸ್ಪೀಕರು ಸೆಕೆಂಡಿಗೆ 98ರಂಥ ತಗ್ಗಿನ ಕಂಪನವನ್ನು ಗಾಳಿಗೆ ಕೊಡುವುದು ತೀರ ಅತ್ಯಲ್ಪ. ಗಾಳಿಯಲ್ಲಿ ಹೆಚ್ಚಾಗಿ ಇರುವುದು ಅದರ ಮೇಲಿನ 294, 392, 490, 588 ಮೊದಲಾದ ಉಪಸ್ವರಗಳು. ಇವೆಲ್ಲ 98, 98ರ ಅಂತರದಲ್ಲಿರುವುದನ್ನು ಕೇಳುವ ವ್ಯವಸ್ಥೆಯು ಹೇಗೋ ಗ್ರಹಿಸಿ, ಕಾಣೆಯಾದ 98ರ ಸ್ವರವನ್ನೇ ನಮಗೆ ಕೇಳಿಸುತ್ತದೆ. ಮೂಲಸ್ವರವು ತೀರ ದುರ್ಬಲವಾಗಿದ್ದರೂ ಅದರ ಸ್ಥಾಯಿಯೇ ಕೇಳಿಸುವುದನ್ನು 1840ರ ದಶಕದಲ್ಲಿ ಜರ್ಮನಿಯ ಆಗಸ್ಟ್ ಸೀಬೆಕ್ ಗಮನಿಸಿದ್ದನು. ಇದರ ಬಗ್ಗೆ ಅವನಿಗೂ ವಿದ್ಯುತ್ತಿನ ನಿಯಮದಿಂದ ನಿಮಗೆ ಪರಿಚಿತನಾದ ಓಮನಿಗೂ ದೊಡ್ಡ ವಾದವೇ ನಡೆಯಿತು.

ನೋಡಿರಿ, ಒಂದೇ ವಾದ್ಯದಲ್ಲಿ ಇರುವ ಗಾಂಧಾರವು ಕೇಳಿಸದೆ ಹೋಗಬಹುದು. ಫೋನಿನಲ್ಲಿ ಇಲ್ಲದ ಮಂದ್ರ ಷಡ್ಜವು ಕೇಳಿಸಬಹುದು. ಆದುದರಿಂದ ನಮ್ಮ ತಪ್ಪು ಸಂಶಯಪಟ್ಟಿದ್ದರಲ್ಲಿ ಇರಲಿಲ್ಲ. ಸಂಶಯವು ವಿಜ್ಞಾನದ ಧರ್ಮ. ಕೇಳುವುದಕ್ಕೆ ಮೊದಲೇ ತೀರ್ಪು ಕೊಟ್ಟಿದ್ದರಲ್ಲಿ ತಪ್ಪಿತ್ತು. ಮೊದಲು ಕೇಳಬೇಕು, ಆಮೇಲೆ ಅಳೆಯಬೇಕು, ಕಡೆಗೆ ತೀರ್ಮಾನಿಸಬೇಕು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೆವು.

ನೀವೇ ಕೇಳಿ ನೋಡಿ

ಇದನ್ನು ಓದಿ ಮುಗಿಸುವುದಕ್ಕಿಂತ ಮಾಡಿ ನೋಡುವುದು ಮೇಲು. ತಂಬೂರಿಯುಳ್ಳವರ ಮನೆ ಹತ್ತಿರದಲ್ಲಿದ್ದರೆ ಅವರ ಅನುಮತಿ ಪಡೆದು ಕೇಳಿರಿ. ಇಲ್ಲವಾದರೆ ನಿಜವಾದ ತಂಬೂರಿಯ ಒಳ್ಳೆಯ ಧ್ವನಿಮುದ್ರಿಕೆಯನ್ನು ಕಿವಿಗೆ ಹಾಕಿಕೊಳ್ಳುವ ಸ್ಪೀಕರಿನಿಂದ ಕೇಳಿರಿ. ಮೂರು ಸಲ ಕೇಳಬೇಕು. ಮೂರೂ ಬೇರೆ ಬೇರೆ ಬಗೆ.

ಮೊದಲನೆಯ ಸಲ ಏನನ್ನೂ ಹುಡುಕಬೇಡಿ. ಪಂಖಾ ನಿಲ್ಲಿಸಿ, ಕಣ್ಣು ಮುಚ್ಚಿ, ಹತ್ತು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ನಾಳೆಯ ಪರೀಕ್ಷೆಯ ಯೋಚನೆ ಬರುತ್ತದೆ. ಬಂದುದು ತಿಳಿದೊಡನೆ, ಬೇಸರಪಡದೆ, ಮತ್ತೆ ಧ್ವನಿಯ ಕಡೆ ತಿರುಗಿರಿ. ಇಷ್ಟೇ ಸಾಧನೆ. ಇದನ್ನು ಧ್ಯಾನವೆಂದು ಕರೆಯಲು ಭೌತವಿಜ್ಞಾನದವರಾದ ನಮಗೆ ಮೊದಲು ಸಂಕೋಚವಿತ್ತು. ಆದರೆ ಹೋದ ಗಮನವನ್ನು ಮತ್ತೆ ಮತ್ತೆ ಮೆಲ್ಲಗೆ ಕರೆತರುವುದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಒಳ್ಳೆಯ ಹೆಸರಿಲ್ಲ.

ಎರಡನೆಯ ಸಲ ಹೆಲ್ಮ್‌ಹೋಲ್ಟ್ಸನ ಉಪಾಯವನ್ನು ಬಳಸಿರಿ. ಕೇಳಬೇಕಾದ ಉಪಸ್ವರವನ್ನು ಮೊದಲು ಬೇರೆಯಾಗಿ ಮೆಲ್ಲಗೆ ನುಡಿಸಿ, ಅದರ ನೆನಪು ಕಿವಿಯಲ್ಲಿರುವಾಗಲೇ ಇಡೀ ಧ್ವನಿಯನ್ನು ಕೇಳಬೇಕೆಂಬುದು ಅವನ ಸಲಹೆ. ತಂತಿಯ ಉದ್ದದ ಐದನೆಯ ಒಂದು ಪಾಲಿನಲ್ಲಿ ಬೆರಳನ್ನು ಹೂವಿನಂತೆ ತಾಗಿಸಿ ಮೀಟಿದರೆ ಗಾಂಧಾರವೊಂದೇ ಚಿಮ್ಮುತ್ತದೆ. ತಕ್ಷಣ ಬೆರಳು ತೆಗೆದು ತಂತಿಯನ್ನು ಪೂರ್ತಿಯಾಗಿ ಮೀಟಿರಿ. ಈ ಸಲ ಅದು ಝೇಂಕಾರದೊಳಗಿಂದಲೇ ಎದ್ದುಬರುತ್ತದೆ. ಧ್ವನಿಮುದ್ರಿಕೆಯನ್ನು ಕೇಳುವವರು ಅದರ ಷಡ್ಜಕ್ಕೆ ಸರಿಯಾಗಿ ಅಂತರ ಗಾಂಧಾರವನ್ನು ಹಾಡಿಕೊಂಡು ಆಮೇಲೆ ಕೇಳಬಹುದು.

ಮೂರನೆಯ ಸಲ ಅಳೆಯಿರಿ. ಆವೃತ್ತಿಗಳನ್ನು ತೋರಿಸುವ ತಂತ್ರಾಂಶವನ್ನು ತೆರೆದು, ಷಡ್ಜದ ಐದರಷ್ಟರಲ್ಲಿ ಗೀಟು ಇದೆಯೇ ನೋಡಿರಿ. ನಿಮ್ಮ ಕಿವಿ ಹೇಳಿದುದಕ್ಕೂ ಯಂತ್ರ ಹೇಳಿದುದಕ್ಕೂ ಹೊಂದಿಕೆಯಾದರೆ ಸಂತೋಷ. ಹೊಂದಿಕೆಯಾಗದಿದ್ದರೆ ಇನ್ನೂ ಸಂತೋಷ. ಒಂದು ಹೊಸ ಪ್ರಶ್ನೆ ಸಿಕ್ಕಿತೆಂದು ತಿಳಿಯಿರಿ.

ಶ್ರುತಿ ಕೂಡಿಸುವುದನ್ನೂ ಒಮ್ಮೆ ಗಮನಿಸಿರಿ. ನಡುವಣ ಎರಡು ತಂತಿಗಳಲ್ಲಿ ಒಂದು 196, ಇನ್ನೊಂದು 197 ಆಗಿದ್ದರೆ ಧ್ವನಿಯು ಸೆಕೆಂಡಿಗೊಂದು ಸಲ ಉಬ್ಬಿ ಇಳಿಯುತ್ತದೆ. ಇದಕ್ಕೆ ವಿಸ್ಪಂದವೆಂದು ಹೆಸರು. ಅವೆರಡರ ಗಾಂಧಾರಗಳಾದರೋ 980 ಮತ್ತು 985. ಅಲ್ಲಿ ಸೆಕೆಂಡಿಗೆ ಐದು ವಿಸ್ಪಂದಗಳು. ಷಡ್ಜದಲ್ಲಿ ತಿಳಿಯದ ಸಣ್ಣ ತಪ್ಪು ಗಾಂಧಾರದಲ್ಲಿ ಐದರಷ್ಟು ದೊಡ್ಡದಾಗಿ ಕೇಳಿಸುತ್ತದೆ. ಮೇಲಿನ ಸ್ವರಗಳನ್ನು ಕೇಳಬಲ್ಲ ಕಿವಿಗೆ ಶ್ರುತಿಯು ಇಷ್ಟು ನಿಖರವಾಗಿ ಸಿಗುವುದೇಕೆಂಬುದು ಇದರಿಂದ ತಿಳಿಯುತ್ತದೆ. ಕಚೇರಿಗೆ ಮೊದಲು ತಂಬೂರಿಯವರು ಕಿವಿಯನ್ನು ದಂಡಿಗೆ ಒತ್ತಿಕೊಂಡು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂಡುವುದು ವೃಥಾ ಕಾಲಹರಣವಲ್ಲ.

ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇವೆ. ಆ ಶನಿವಾರದ ಮುಂದಿನ ಸೋಮವಾರ ನಾವು ಅದೇ ತರಗತಿಗೆ ಹೋಗಿ, ಹಿಂದೆ ಹೇಳಿದ್ದು ತಪ್ಪೆಂದೂ, ಅವಳು ಕೇಳಿಸಿಕೊಂಡದ್ದು ಸರಿಯೆಂದೂ ಹೇಳಿ, ರಾಮನ್ನರ ಹೆಸರನ್ನು ಹಲಗೆಯ ಮೇಲೆ ಬರೆದೆವು. ನಗು ಎಲ್ಲರೆದುರಿಗೆ ಎದ್ದಿತ್ತಾದುದರಿಂದ ತಿದ್ದುಪಡಿಯೂ ಎಲ್ಲರೆದುರಿಗೇ ಆಗಬೇಕಿತ್ತು. ಈಗ ಪ್ರತಿವರ್ಷ ತಂತಿಗಳ ಪಾಠಕ್ಕೆ ಮೊದಲು ಪ್ರಯೋಗಶಾಲೆಯ ಪಂಖಾ ನಿಲ್ಲಿಸಿ, ಒಂದು ತಂಬೂರಿಯನ್ನು ತರಿಸಿ, ಹತ್ತು ನಿಮಿಷ ಕೇಳಿಸುತ್ತೇವೆ. ಏನು ಕೇಳಿಸಬೇಕೆಂದು ಹೇಳುವುದಿಲ್ಲ. ಐದಾರು ನಿಮಿಷಗಳಾದ ಮೇಲೆ ಯಾವುದಾದರೊಂದು ಬೆಂಚಿನಲ್ಲಿ ಒಬ್ಬರು ತಲೆಯೆತ್ತಿ ಸುತ್ತಮುತ್ತ ನೋಡುತ್ತಾರೆ, ಯಾರು ಹಾಡುತ್ತಿದ್ದಾರೆಂದು. ಸೂತ್ರವನ್ನು ಹಲಗೆಯ ಮೇಲೆ ಬರೆಯಲು ನಾವು ಎದ್ದು ನಿಲ್ಲುವುದು ಆಮೇಲೆಯೇ.